ಹೆಡ್ ಬಿಚ್ಚುವ ಮೊದಲು: ಕಡೂರು ಸೀಮೆಯಲ್ಲಿ ಕಾದ ಎಂಜಿನ್ನಿನ ಚರಿತ್ರೆ

ಒಮ್ಮೆ ಕಾದು ಕುದಿದ ಎಂಜಿನ್ನು ತಣ್ಣಗಾದ ಮೇಲೂ ಮೊದಲಿನಂತೆ ಎಳೆಯದಿರುವುದು ಹಳೆಯ ಕಾರುಗಳ ಹಳೆಯ ಕಾಯಿಲೆ. ಆಕ್ಸಿಲರೇಟರ್ ಒತ್ತಿದರೆ ಗಾಡಿ ಅರೆಗಳಿಗೆ ತಡೆದು ಆಮೇಲೆ ಜಗ್ಗಿದಂತೆ ಮುಂದೆ ಹೋಗುತ್ತದೆ. ಏರು ಬಂದರೆ ಉಸಿರು ಕಟ್ಟುತ್ತದೆ. ನಿಂತಲ್ಲೇ ಓಡುವಾಗ ನಾಲ್ಕು ಸಿಲಿಂಡರುಗಳ ಲಯದಲ್ಲಿ ಒಂದು ಪೆಟ್ಟು ತಪ್ಪುತ್ತದೆ. ಶೆಡ್ಡುಗಳಲ್ಲಿ ಈ ತೊಂದರೆಗೆ ‘ಮಿಸ್ಸಿಂಗ್’, ‘ಪಿಕಪ್ ಇಲ್ಲ’, ‘ಜರ್ಕ್ ಹೊಡೀತದೆ’ ಎಂಬ ಮೂರು ಮಾತುಗಳಿವೆ. ಮೂರೂ ಒಂದೇ ಅರ್ಥದವಲ್ಲ. ಒಂದು ಸಿಲಿಂಡರು ಉರಿಯದಿದ್ದರೆ ಮಿಸ್ಸಿಂಗ್. ಎಲ್ಲವೂ ಉರಿದರೂ ಬಲವಿಲ್ಲದಿದ್ದರೆ ಪಿಕಪ್ ಇಲ್ಲ. ಪೆಟ್ರೋಲೋ ಕಿಡಿಯೋ ಬಿಟ್ಟುಬಿಟ್ಟು ಬಂದರೆ ಜರ್ಕ್. ಗಾಡಿ ತಂದವರ ಬಾಯಿಂದ ಇವುಗಳಲ್ಲಿ ಯಾವ ಮಾತು ಬಂತು ಎಂಬಲ್ಲಿಂದಲೇ ಒಳ್ಳೆಯ ಮೇಸ್ತ್ರಿಯ ಪರೀಕ್ಷೆ ಶುರುವಾಗುತ್ತದೆ.

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಈ ಕಾಯಿಲೆಗೆ ನೆಲವೇ ಅರ್ಧ ಕಾರಣ. 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಸಿಕೊಳ್ಳುತ್ತಿದ್ದ ಚಿಕ್ಕಮಗಳೂರು ಜಿಲ್ಲೆ ಮಲೆನಾಡಿಗೆ ಹೆಸರಾದರೂ ಅದರ ಪೂರ್ವದ ಅಂಚು ಅಪ್ಪಟ ಬಯಲುಸೀಮೆ. ಲಕ್ಷ್ಮೀಶ ಕವಿಯ ಊರೆಂದು ಹೆಸರಾದ ದೇವನೂರು ಇರುವುದು ಕಡೂರು ತಾಲ್ಲೂಕಿನ ಈ ಬಯಲಿನಲ್ಲಿ. ಅವನ ಜೈಮಿನಿ ಭಾರತದ ಯಾಗದ ಕುದುರೆ ದೇಶವೆಲ್ಲ ಸುತ್ತಿ ಒಂದೆಡೆ ಬಂಡೆಗೆ ಅಂಟಿಕೊಂಡು ನಿಂತುಬಿಡುತ್ತದೆ. ಅದು ಯಾಕೆ ನಿಂತಿತೆಂದು ಕೇಳಿ ತಿಳಿದ ಮೇಲಷ್ಟೇ ಮುಂದಿನ ದಾರಿ ತೆರೆಯುತ್ತದೆ. ಬಯಲಿನ ಊರುಗಳ ಬಾಡಿಗೆ ಕಾರುಗಳೂ ಹಾಗೆ ದೂರ ಸುತ್ತಿ ಬರುತ್ತಿದ್ದವು. ಧರ್ಮಸ್ಥಳಕ್ಕೆ ಹೋದರೆ ಬರುವಾಗ ಚಾರ್ಮಾಡಿ ಘಾಟಿ ಹತ್ತಬೇಕು. ಹೊರನಾಡು, ಶೃಂಗೇರಿಯ ದಾರಿಯಲ್ಲಿ ಏರಿಳಿತ ತಪ್ಪದು. ತರೀಕೆರೆಯಿಂದ ಲಿಂಗದಹಳ್ಳಿ ಹಾದು ಕೆಮ್ಮಣ್ಣುಗುಂಡಿಗೆ ಹೊರಟರೆ ಕೆಳಗಿನ ಗೇರಿನಲ್ಲೇ ಮೈಲಿಗಟ್ಟಲೆ ಏರಬೇಕು. ಐದು ಜನರ ಕಾರಿನಲ್ಲಿ ಎಂಟೊಂಬತ್ತು ಜನ, ಮೇಲೆ ಹೊರೆ. ಎಂಜಿನ್ನು ಜೋರಾಗಿ ತಿರುಗುತ್ತದೆ, ಗಾಡಿ ಮೆಲ್ಲಗೆ ಹೋಗುತ್ತದೆ, ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ.

ಎತ್ತರವೂ ಜೊತೆಗೂಡುತ್ತದೆ. ಪ್ರತಿ 300 ಮೀಟರಿಗೆ ನೀರು ಕುದಿಯುವ ಮಟ್ಟ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಕಡೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಕುದಿಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಆಸುಪಾಸಿನಲ್ಲೇ ಕುದಿ ಬರುತ್ತದೆ. ಇದನ್ನು ತಡೆಯಲೆಂದೇ ರೇಡಿಯೇಟರಿಗೆ ಒತ್ತಡದ ಕ್ಯಾಪು. ಚದರ ಇಂಚಿಗೆ ಒಂದು ಪೌಂಡು ಒತ್ತಡ ಹೆಚ್ಚಿದರೆ ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ಕ್ಯಾಪಿನ ರಬ್ಬರು ಹಳತಾಗಿ ಒತ್ತಡ ಹಿಡಿಯದಿದ್ದರೆ, ಬಯಲಿನಲ್ಲಿ ಸುಮ್ಮನೆ ಓಡುತ್ತಿದ್ದ ಕಾರು ಗಿರಿಯ ದಾರಿಯಲ್ಲಿ ಹಬೆ ಉಗುಳುತ್ತದೆ. ಕಾಸಿನ ಲೆಕ್ಕದಲ್ಲಿ ತೀರ ಚಿಕ್ಕದಾದ ಈ ಭಾಗವನ್ನು ನೋಡದೆ ದೊಡ್ಡ ಕೆಲಸಕ್ಕೆ ಕೈಹಾಕಿದ್ದು ಈ ಕಸುಬಿನಲ್ಲಿ ಪದೇ ಪದೇ ಆದ ತಪ್ಪು.

ಯಾವ ಕಾರು ಎಂಬುದರ ಮೇಲೆ ಕಾಯಿಲೆಯ ಸ್ವರೂಪ ಬದಲಾಗುತ್ತದೆ. ಕಾರನ್ನು ಈ ನಾಡಿನಲ್ಲೇ ತಯಾರಿಸುವ ಕನಸು 1930ರ ದಶಕದ್ದು. ಸರ್ ಎಂ. ವಿಶ್ವೇಶ್ವರಯ್ಯ ಕಾರ್ಖಾನೆಯ ಯೋಜನೆ ಸಿದ್ಧಪಡಿಸಲು 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಬಂದರು. ಮೈಸೂರು ಸರ್ಕಾರ ನೆರವಿಗೆ ಮುಂದಾದರೂ ಬ್ರಿಟಿಷ್ ಆಡಳಿತ ಒಪ್ಪಲಿಲ್ಲ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬಯಿಯ ಕುರ್ಲಾದಲ್ಲಿ ನೆಲೆಗೊಂಡಿತು. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್ ಗುಜರಾತಿನ ಓಖಾದಿಂದ ಪಶ್ಚಿಮ ಬಂಗಾಳದ ಉತ್ತರಪಾಡಕ್ಕೆ ಹೋಯಿತು. 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಿಡರ್ 2014ರ ಮೇ ತಿಂಗಳವರೆಗೂ ಅಲ್ಲಿ ತಯಾರಾಯಿತು. ಫಿಯೆಟ್ 1100 ಮುಂದೆ ಪ್ರೀಮಿಯರ್ ಪದ್ಮಿನಿಯಾಯಿತು. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂರನೆಯದು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಆ ಕಾಲದಲ್ಲಿ ಇದ್ದ ಕಾರನ್ನೇ ಮೂವತ್ತು ನಲವತ್ತು ವರ್ಷ ಓಡಿಸಿದರು. ಮೇಸ್ತ್ರಿಗಳ ವಿದ್ಯೆ ಬೆಳೆದದ್ದು ಆ ದೀರ್ಘಾಯುಷ್ಯದ ನೆರಳಿನಲ್ಲಿ.

ಅಂಬಾಸಿಡರಿನ 1,489 ಸಿ.ಸಿ. ಎಂಜಿನ್ನಿನಲ್ಲಿ ಸಿಲಿಂಡರುಗಳ ಬ್ಲಾಕೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡೂ ಎರಕದ ಕಬ್ಬಿಣ. ಒಮ್ಮೆ ಕುದಿದರೆ ಸಹಿಸಿಕೊಳ್ಳುತ್ತಿತ್ತು. ಪದ್ಮಿನಿಯ 1,089 ಸಿ.ಸಿ. ಎಂಜಿನ್ನಿನಲ್ಲಿ ಬ್ಲಾಕು ಕಬ್ಬಿಣ, ಹೆಡ್ಡು ಅಲ್ಯುಮಿನಿಯಂ. ಶಾಖಕ್ಕೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿಯಾಗಿ ಹಿಡಿದಿರುವಾಗ ಹಿಗ್ಗಲು ಜಾಗವಿಲ್ಲದ ಹೆಡ್ಡು ಬಾಗುತ್ತದೆ, ತಣ್ಣಗಾದಾಗ ಪೂರ್ತಿ ನೆಟ್ಟಗಾಗುವುದಿಲ್ಲ. ‘ಹೆಡ್ ಬೆಂಡ್’ ಎಂಬ ಮಾತಿನ ಹಿಂದಿನ ಕಥೆ ಇಷ್ಟು. 1983ರ ಡಿಸೆಂಬರ್ 14ರಂದು ಮೊದಲ ಕಾರು ಹೊರಬಂದ ಮಾರುತಿ 800ರ 796 ಸಿ.ಸಿ. ಎಂಜಿನ್ನಿನ ಹೆಡ್ಡೂ ಅಲ್ಯುಮಿನಿಯಮ್ಮಿನದೇ. ಸುಜುಕಿ ವಿನ್ಯಾಸದ ಈ ಎಂಜಿನ್ನಿನ ಹೆಡ್ಡು 0.05 ಮಿಲಿಮೀಟರಿಗಿಂತ ಹೆಚ್ಚು ಬಾಗಿದ್ದರೆ ಫೇಸಿಂಗ್ ಮಾಡಿಸಿ ಸಮತಟ್ಟಾಗಿಸಬೇಕು. ಅದು ತಲೆಗೂದಲಿನ ದಪ್ಪಕ್ಕೂ ಮೀರದ ಅಳತೆ. ಕುದಿದ ಅಂಬಾಸಿಡರನ್ನು ಊರಿಗೆ ಓಡಿಸಿಕೊಂಡು ಬಂದ ಧೈರ್ಯವನ್ನೇ ಮಾರುತಿಯಲ್ಲೂ ತೋರಿಸಿದವರು ಎಂಜಿನ್ನು ಕಳೆದುಕೊಂಡರು.

ಈ ಸೀಮೆಯಲ್ಲಿ ಕಾರು ಕಾಯುವುದಕ್ಕೆ ಅತಿ ದೊಡ್ಡ ಕಾರಣ ನೀರು. ಹಳೆಯ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕದಲ್ಲಿ ನೀರಿನ ಡಬ್ಬ ಇದ್ದೇ ಇರುತ್ತಿತ್ತು. ಮಲೆನಾಡಿನ ತೊರೆಯ ನೀರು ಮೆದು. ಸಖರಾಯಪಟ್ಟಣದ ಅಯ್ಯನಕೆರೆಯಂಥ ಕೆರೆಗಳ ನೀರು ಮಣ್ಣು ಬೆರೆತಿದ್ದರೂ ಹೆಚ್ಚು ಗಡಸಲ್ಲ. ಕೆರೆ ಬತ್ತಿ ಕೊಳವೆಬಾವಿಗಳೇ ಆಸರೆಯಾದ ಮೇಲೆ ಬಯಲಿನ ರೇಡಿಯೇಟರುಗಳಿಗೆ ಗಡಸು ನೀರು ಬಿತ್ತು. ಬೋರ್ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಎಂಜಿನ್ನಿನ ನೀರಿನ ದಾರಿಯಲ್ಲೂ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಉಗಿಬಂಡಿಯ ಬಾಯ್ಲರನ್ನು ಕಾಡುತ್ತಿದ್ದುದೂ ಇದೇ ಪದರ. 1899ರಲ್ಲಿ ಶಿವಮೊಗ್ಗದ ಕಡೆಗೆ ರೈಲು ಹೊರಟ ಬೀರೂರು ಜಂಕ್ಷನ್ನಿನ ಸುತ್ತಮುತ್ತ ಅದು ಹೊಸ ವಿಷಯವಾಗಿರಲಿಲ್ಲ.

ಪರಿಹಾರಗಳೂ ಸ್ಥಳೀಯವಾಗಿದ್ದವು, ಕೆಲವು ಕಾಯಿಲೆಗಿಂತ ಕೆಟ್ಟವು. ರೇಡಿಯೇಟರು ಸೋರಿದರೆ ಹಿಡಿ ಅರಿಶಿನಪುಡಿ ಹಾಕುವ ರೂಢಿ ದೇಶದುದ್ದಕ್ಕೂ ಇತ್ತು. ಪುಡಿ ಉಬ್ಬಿ ತೂತು ಮುಚ್ಚುತ್ತದೆ, ಊರು ತಲುಪಿಸುತ್ತದೆ. ಆಮೇಲೆ ತೊಳೆಯದೆ ಬಿಟ್ಟರೆ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತದೆ. ಸುಮಾರು 80 ಡಿಗ್ರಿಯಲ್ಲಿ ತೆರೆದು ನೀರು ಹರಿಯಬಿಡುವ ಥರ್ಮೋಸ್ಟಾಟನ್ನು ‘ನಮ್ಮ ಸೆಕೆಗೆ ಇದು ಬೇಡ’ ಎಂದು ಕಿತ್ತೆಸೆಯುವುದು ಇನ್ನೊಂದು ರೂಢಿ. ಹಾಗೆ ಮಾಡಿದ ಎಂಜಿನ್ನು ಬಯಲಿನಲ್ಲಿ ಬೇಗ ಬಿಸಿಯಾಗದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಪ್ಲಗ್ಗುಗಳು ಕಪ್ಪಾಗುತ್ತವೆ, ಎಳೆತ ಕುಗ್ಗುತ್ತದೆ. ನಿಜವಾಗಿ ಕೆಲಸ ಕೊಟ್ಟದ್ದು ತಾಮ್ರ ಹಿತ್ತಾಳೆಯ ರೇಡಿಯೇಟರಿನ ಬೆಸುಗೆ ಬಿಡಿಸಿ, ಪ್ರತಿ ಕೊಳವೆಗೂ ತೆಳುವಾದ ಲೋಹದ ಪಟ್ಟಿ ತೂರಿಸಿ ಪದರ ಕೆರೆದು, ಮತ್ತೆ ಬೆಸೆಯುವ ಪದ್ಧತಿ. ತಾಳ್ಮೆಯ ಕೆಲಸ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯುಮಿನಿಯಂ ರೇಡಿಯೇಟರು ಬಂದ ಮೇಲೆ ಅದಕ್ಕೆ ಅವಕಾಶ ಉಳಿಯಲಿಲ್ಲ.

ಕುದಿದ ಕಾರು ಶೆಡ್ಡಿಗೆ ಬಂದಾಗ ಅನುಭವಿ ಮೇಸ್ತ್ರಿ ಸ್ಪ್ಯಾನರ್ ಹಿಡಿಯುವ ಮೊದಲು ಕೇಳುವ ಪ್ರಶ್ನೆಗಳು ನಾಲ್ಕು: ಎಲ್ಲಿ ಕುದಿಯಿತು, ಹೀಟ್ ಗೇಜಿನ ಮುಳ್ಳು ಮೇಲೇರಿದ ಮೇಲೆ ಎಷ್ಟು ದೂರ ಓಡಿಸಿದಿರಿ, ನಿಲ್ಲಿಸಿದ ಕೂಡಲೇ ತಣ್ಣೀರು ಹುಯ್ದಿರಾ, ಮಿಸ್ಸಿಂಗ್ ಮೊದಲು ಬಂತೋ ಹೀಟು ಮೊದಲು ಬಂತೋ. ಕೊನೆಯ ಪ್ರಶ್ನೆಯೇ ಮುಖ್ಯ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಕಾರ್ಬೊರೇಟರಿನಿಂದ ಪೆಟ್ರೋಲು ಕಡಿಮೆ ಬರುತ್ತಿದ್ದರೂ ಎಂಜಿನ್ನು ಎಳೆಯುವುದಿಲ್ಲ, ಮತ್ತು ಅದೇ ಕಾರಣಕ್ಕೆ ಕಾಯುತ್ತದೆ. ಅಂಥ ಗಾಡಿಯಲ್ಲಿ ಹೀಟು ಬರೀ ಲಕ್ಷಣ. ರೇಡಿಯೇಟರು ಬದಲಾಯಿಸಿದರೂ ಮುಗ್ಗರಿಕೆ ಹೋಗುವುದಿಲ್ಲ. ಹೀಟು ಮೊದಲು ಬಂದು ಆಮೇಲೆ ಎಳೆತ ಹೋಗಿದ್ದರೆ, ಶಾಖ ಏನನ್ನು ಕೆಡಿಸಿತು ಎಂದು ಒಂದೊಂದಾಗಿ ಹುಡುಕಬೇಕು. ಕಾದ ಕಬ್ಬಿಣದ ಮೇಲೆ ತಣ್ಣೀರು ಬಿದ್ದಿದ್ದರೆ ಬಿರುಕಿನ ಶಂಕೆಯೂ ಸೇರುತ್ತದೆ. ಕ್ಯಾಪು ಮುಟ್ಟಿದರೆ ಬಿಸಿ ತಾಕದಷ್ಟು ತಣ್ಣಗಾದ ಮೇಲೆ ತೆಗೆದು, ಎಂಜಿನ್ನು ಓಡುತ್ತಿರುವಾಗ ನೀರನ್ನು ಸಣ್ಣಗೆ ಹುಯ್ಯಬೇಕೆಂಬ ನಿಯಮ ಹುಟ್ಟಿದ್ದು ಇದಕ್ಕೇ.

ಹುಡುಕಾಟದ ಮೊದಲ ಹೆಜ್ಜೆಗೆ ಯಾವ ಉಪಕರಣವೂ ಬೇಡ. ತಣ್ಣಗಿರುವ ಎಂಜಿನ್ನಿನ ಕ್ಯಾಪು ತೆಗೆದು, ನೀರು ತುಂಬಿ, ಚಾಲೂ ಮಾಡಿ, ರೇಡಿಯೇಟರಿನ ಬಾಯಿ ನೋಡುತ್ತ ನಿಲ್ಲಬೇಕು. ಒಳಗಿದ್ದ ಗಾಳಿ ನಾಲ್ಕಾರು ಗುಳ್ಳೆಯಾಗಿ ಬಂದು ನಿಂತರೆ ಚಿಂತೆಯಿಲ್ಲ. ಗುಳ್ಳೆಗಳು ನಿಲ್ಲದೆ ಏಳುತ್ತ, ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚುತ್ತ ಹೋದರೆ, ಸಿಲಿಂಡರಿನ ಗ್ಯಾಸು ಹೆಡ್ ಗ್ಯಾಸ್ಕೆಟ್ ದಾಟಿ ನೀರಿಗೆ ನುಗ್ಗುತ್ತಿದೆ. ಮೇಲಿನ ಹೋಸು ಎರಡೇ ನಿಮಿಷದಲ್ಲಿ ಕಲ್ಲಿನಂತೆ ಗಟ್ಟಿಯಾದರೂ ಅದೇ ಅರ್ಥ. ಬಳಿಕ ಆಯಿಲ್ ಗೇಜಿನ ಕಡ್ಡಿ: ಆಯಿಲು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ. ಇಲ್ಲೊಂದು ಎಚ್ಚರಿಕೆ ಬೇಕು. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಮೂರು ಕಿಲೋಮೀಟರಷ್ಟೇ ಓಡುವ ಕಾರಿನಲ್ಲಿ ಆಯಿಲ್ ಕ್ಯಾಪಿನ ಒಳಗೆ ಬಿಳಿಯ ಬೆಣ್ಣೆಯಂಥದು ಕಟ್ಟುವುದು ಸಹಜ, ಅದು ತೇವಾಂಶ. ಕಡ್ಡಿಯಲ್ಲಿ ಆಯಿಲು ಶುಭ್ರವಾಗಿದ್ದು ಕ್ಯಾಪಿನಲ್ಲಿ ಮಾತ್ರ ಬಿಳಿ ಇದ್ದರೆ ಹೆಡ್ ಬಿಚ್ಚುವ ಕಾರಣವಿಲ್ಲ.

ಎರಡನೆಯದು, ಕೆಲಸ ಮಾಡದ ಸಿಲಿಂಡರನ್ನು ಹಿಡಿಯುವುದು. ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ ಪ್ಲಗ್ ವೈರುಗಳನ್ನು ಒಣಬಟ್ಟೆ ಸುತ್ತಿ ಒಂದೊಂದಾಗಿ ತೆಗೆದರೆ, ಒಳ್ಳೆಯ ಸಿಲಿಂಡರಿನ ವೈರು ತೆಗೆದಾಗ ಎಂಜಿನ್ನು ಕುಸಿಯುತ್ತದೆ, ಕೆಟ್ಟದ್ದರ ವೈರು ತೆಗೆದಾಗ ಸದ್ದು ಬದಲಾಗುವುದೇ ಇಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಗಾಡಿಯಲ್ಲಿ ಇದನ್ನು ಮಾಡಬಾರದು. ಕಾಯಿಲೂ ಹೋಗುತ್ತದೆ, ಕೈಗೂ ಅಪಾಯ. ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಹಳೆಯ ಪೇಪರಿನ ಮೇಲೆ ಇಡುವುದು. ಕಾಫಿಯ ನಾಡಿನಲ್ಲಿ ಆರೋಗ್ಯವಂತ ಪ್ಲಗ್ಗಿನ ಬಣ್ಣಕ್ಕೆ ಹೋಲಿಕೆ ಹುಡುಕಬೇಕಿಲ್ಲ: ಹದವಾಗಿ ಹುರಿದ ಕಾಫಿಪುಡಿಯ ತಿಳಿ ಕಂದು. ಮಸಿಯಂತೆ ಒಣ ಕಪ್ಪಾದರೆ ಪೆಟ್ರೋಲು ಹೆಚ್ಚು. ಜಿಡ್ಡು ಕಪ್ಪಾದರೆ ಆಯಿಲು ಏರುತ್ತಿದೆ. ಸುಣ್ಣದ ಬಿಳುಪಾದರೆ ಮಿಶ್ರಣ ತೆಳು, ಅಥವಾ ಆ ಸಿಲಿಂಡರು ಅತಿಯಾಗಿ ಕಾದಿದೆ. ಮೂರು ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ, ಆ ಸಿಲಿಂಡರಿನೊಳಗೆ ಹಬೆ ಆಡಿದೆ, ನೀರು ಸೋರುತ್ತಿದೆ. ನಾಲ್ಕು ಪ್ಲಗ್ಗಿನ ಈ ಸಾಲಿನಷ್ಟು ನಿಚ್ಚಳವಾಗಿ ಎಂಜಿನ್ನಿನ ಒಳಗನ್ನು ಹೇಳುವ ಸಾಕ್ಷಿ ಆ ಕಾಲದಲ್ಲಿ ಬೇರೆ ಇರಲಿಲ್ಲ.

ಕಂಪ್ರೆಷನ್ ಗೇಜು ಇದ್ದ ಶೆಡ್ಡಿನಲ್ಲಿ ಸಂಶಯ ಇನ್ನೂ ಬೇಗ ತೀರುತ್ತಿತ್ತು. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲು ಬಿಟ್ಟು ಮತ್ತೆ ನೋಡಿದಾಗ ಒತ್ತಡ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್ಟು. ಪಕ್ಕಪಕ್ಕದ ಎರಡು ಸಿಲಿಂಡರುಗಳು, ಉದಾಹರಣೆಗೆ ಎರಡು ಮೂರು ಅಥವಾ ಮೂರು ನಾಲ್ಕು, ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ಟು ಸುಟ್ಟಿದೆ ಎನ್ನಬಹುದು. ಹಾಗೆ ಸುಟ್ಟಾಗ ನೀರು ಕಡಿಮೆಯಾಗದೆಯೂ ಇರಬಹುದು, ಆಯಿಲು ಶುಭ್ರವಾಗಿಯೇ ಉಳಿಯಬಹುದು. ಮಿಸ್ಸಿಂಗ್ ಮಾತ್ರ ಹೋಗುವುದಿಲ್ಲ. ಟ್ಯಾಪೆಟ್ ಗ್ಯಾಪು ಬಿಗಿದು ವಾಲ್ವು ಪೂರ್ತಿ ಮುಚ್ಚದಿದ್ದರೂ ಒತ್ತಡ ಇಳಿಯುತ್ತದೆ. ಆದ್ದರಿಂದ ಹೆಡ್ಡಿಗೆ ಕೈಹಾಕುವ ಮುನ್ನ ಟ್ಯಾಪೆಟ್ ನೋಡುವುದು ಶಿಸ್ತಿನ ಭಾಗವಾಗಿತ್ತು.

ಈ ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದರೆ ಕಿಡಿಯ ಸರದಿ. ಪಾಯಿಂಟು, ಕಂಡೆನ್ಸರು, ಕಾಯಿಲು, ಮೂರೂ ಶಾಖಕ್ಕೆ ಸೋಲುವ ಭಾಗಗಳು. ತಣ್ಣಗಿರುವಾಗ ಚೆನ್ನಾಗಿದ್ದು ಇಪ್ಪತ್ತು ನಿಮಿಷ ಓಡಿದ ಮೇಲೆ ಜರ್ಕ್ ಹೊಡೆದು, ನಿಲ್ಲಿಸಿ ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಸರಿಹೋಗುವ ಗಾಡಿಯಲ್ಲಿ ಮೊದಲ ಶಂಕೆ ಕಾಯಿಲಿನ ಮೇಲೆ. ಕಿಡಿ ನೀಲಿಯಾಗಿ ಚಟ್ ಎಂದು ಹಾರಿದರೆ ಸರಿ. ಹಳದಿಗೆ ತಿರುಗಿ ಸೊರಗಿದ್ದರೆ ಚೆನ್ನಾಗಿದೆಯೆಂದು ಗೊತ್ತಿರುವ ಇನ್ನೊಂದು ಕಾಯಿಲು ಹಾಕಿ ನೋಡುವುದು. ಪಾಯಿಂಟಿನ ತುದಿ ಕರಕಲಾಗಿದ್ದರೆ ಕಂಡೆನ್ಸರು ಹೋಗಿದೆ. ಪಾಯಿಂಟನ್ನು ಎಮರಿ ಪೇಪರಿನಲ್ಲಿ ಉಜ್ಜಿ ಸುಮಾರು 0.4 ಮಿಲಿಮೀಟರ್ ಗ್ಯಾಪು ಇಡುವುದು ಪ್ರತಿ ಡ್ರೈವರಿಗೂ ಬರುತ್ತಿದ್ದ ವಿದ್ಯೆ. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗು ತಯಾರಿಸತೊಡಗಿದ ಮೇಲೆ, ಮದರಾಸಿನ ಲ್ಯೂಕಾಸ್ ಟಿವಿಎಸ್ 1961ರಲ್ಲಿ ಬಂದ ಮೇಲೆ ಈ ಭಾಗಗಳು ಊರೂರಿಗೆ ಸಿಗುವಂತಾದವು. ಸಿಗದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇತ್ತು.

ಪೆಟ್ರೋಲಿನ ತಂಟೆ ಇನ್ನೂ ಸೂಕ್ಷ್ಮ. ಹಳೆಯ ಕಾರುಗಳ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಕಾದ ಎಂಜಿನ್ನಿನ ಬಿಸಿಗೆ ಪಂಪಿನಲ್ಲೂ ಪೈಪಿನಲ್ಲೂ ಪೆಟ್ರೋಲು ಆವಿಯಾಗುತ್ತದೆ. ದ್ರವ ಎತ್ತಬೇಕಾದ ಪಂಪು ಆವಿಯನ್ನು ಹಿಂಡುತ್ತ ಕೂರುತ್ತದೆ. ಕಾರ್ಬೊರೇಟರು ಬರಿದಾಗಿ ಗಾಡಿ ಮುಗ್ಗರಿಸುತ್ತದೆ, ನಿಂತೂ ಹೋಗುತ್ತದೆ. ಇದನ್ನು ಶೆಡ್ಡಿನ ಮಾತಿನಲ್ಲಿ ‘ಏರ್ ಲಾಕ್’ ಎಂದರೂ ಒಳಗಿರುವುದು ಪೆಟ್ರೋಲಿನದೇ ಆವಿ. ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ಅಂಬಾಸಿಡರ್, ಪದ್ಮಿನಿ ಡ್ರೈವರುಗಳ ಪದ್ಧತಿ. ಬಟ್ಟೆಯ ನೀರು ಆರುವಾಗ ಪಂಪಿನ ಶಾಖವನ್ನು ಒಯ್ಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೇ. ಒದ್ದೆ ಬಟ್ಟೆ ಸುತ್ತಿದ ಕೂಡಲೇ ಗಾಡಿ ಸರಿಹೋದರೆ ಅದೇ ಪರೀಕ್ಷೆ, ಅದೇ ಮದ್ದು. ಆಕ್ಸಿಲರೇಟರ್ ಒತ್ತಿದ ಮೊದಲ ಗಳಿಗೆಯಲ್ಲಿ ಮಾತ್ರ ತಡೆದರೆ ತಪ್ಪು ಕಾರ್ಬೊರೇಟರಿನ ಆಕ್ಸಿಲರೇಟರ್ ಪಂಪಿನದು. ಶಾಖಕ್ಕೆ ಒಣಗಿ ಗಡಸಾದ ಡಯಾಫ್ರಮ್ಮು ಆ ಗಳಿಗೆಗೆ ಬೇಕಾದ ಹನಿ ಪೆಟ್ರೋಲು ಚಿಮ್ಮಿಸುವುದಿಲ್ಲ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು ಒಣಗಿ ಅಲ್ಲಿಂದ ಗಾಳಿ ಎಳೆದರೂ ಇದೇ ಲಕ್ಷಣ. ಜೋಡಣೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿದಾಗ ಓಟದ ಸದ್ದು ಬದಲಾದರೆ ಸೋರುವ ಜಾಗ ಸಿಕ್ಕಂತೆ.

ಕಾರ್ಬೊರೇಟರಿನ ಯುಗ ಮಾರುತಿ 800ರಲ್ಲಿ 2000ದ ಹೊತ್ತಿಗೆ ಮುಗಿದು, ಇಂಜೆಕ್ಟರುಗಳಿಂದ ಪೆಟ್ರೋಲು ಚಿಮ್ಮಿಸುವ ಎಂಪಿಎಫ್‌ಐ ಬಂತು. ಪೆಟ್ರೋಲು ಎಷ್ಟು ಬೇಕೆಂದು ಈಗ ಕಂಪ್ಯೂಟರು ನಿರ್ಧರಿಸುತ್ತದೆ, ಎಂಜಿನ್ನು ತಣ್ಣಗಿದೆಯೋ ಬಿಸಿಯಿದೆಯೋ ಎಂಬುದನ್ನು ನೀರಿನ ಸೆನ್ಸರಿನಿಂದ ತಿಳಿಯುತ್ತದೆ. ಕುದಿದು ನೀರಿಳಿದ ಎಂಜಿನ್ನಿನಲ್ಲಿ ಸೆನ್ಸರು ನೀರಿನಲ್ಲಿ ಮುಳುಗಿರದೆ ಗಾಳಿಯಲ್ಲಿ ನಿಂತರೆ ಅದು ಹೇಳುವ ಲೆಕ್ಕ ತಪ್ಪು. ಶಾಖಕ್ಕೆ ಅದರ ಕನೆಕ್ಟರು ಕರಗಿದ್ದರೂ ತಪ್ಪು. ಕಾದ ಎಂಜಿನ್ನಿಗೆ ತಣ್ಣನೆಯ ಎಂಜಿನ್ನಿನಷ್ಟು ಪೆಟ್ರೋಲು ಸುರಿದು ಗಾಡಿ ಹೊಗೆಯುಗುಳುತ್ತ ಮುಗ್ಗರಿಸುತ್ತದೆ. ಥರ್ಮೋಸ್ಟಾಟ್ ಕಿತ್ತೆಸೆಯುವ ಹಳೆಯ ರೂಢಿ ಇಂಥ ಕಾರುಗಳಲ್ಲಿ ಇನ್ನೂ ದುಬಾರಿಯಾಯಿತು. ಬೆಲ್ಟಿನ ಫ್ಯಾನಿನ ಜಾಗಕ್ಕೆ ಬಂದ ವಿದ್ಯುತ್ ಫ್ಯಾನಿನ ಸ್ವಿಚ್ಚು, ರಿಲೇ, ಫ್ಯೂಸುಗಳೂ ಪರೀಕ್ಷೆಯ ಪಟ್ಟಿಗೆ ಸೇರಿದವು.

ಸ್ಕ್ಯಾನರು ಬಂದಿದ್ದರಿಂದ ಕೆಲಸ ಹಗುರಾಗಿದೆ, ಮುಗಿದಿಲ್ಲ. ಪಿ0302 ಎಂಬ ಕೋಡು ಎರಡನೇ ಸಿಲಿಂಡರು ಉರಿಯುತ್ತಿಲ್ಲ ಎನ್ನುತ್ತದೆ. ಗ್ಯಾಸ್ಕೆಟ್ಟೋ ಕಾಯಿಲೋ ಇಂಜೆಕ್ಟರೋ ಎಂಬುದನ್ನು ಅದು ಹೇಳುವುದಿಲ್ಲ. ವೈರು ತೆಗೆದು ಕಿವಿಗೊಡುತ್ತಿದ್ದ ಮೇಸ್ತ್ರಿ ತಲುಪುತ್ತಿದ್ದುದೂ ಇಲ್ಲಿಗೇ. ಅಲ್ಲಿಂದ ಮುಂದಕ್ಕೆ ಗುಳ್ಳೆ, ಪ್ಲಗ್ಗು, ಗೇಜು, ಕಿಡಿ, ಪೆಟ್ರೋಲು ಎಂಬ ಹಳೆಯ ಕ್ರಮವೇ ಇಂದಿಗೂ ಸರಿಯಾದ ದಾರಿ. ಹೆಡ್ ಬಿಚ್ಚಿದರೆ ಹೊಸ ಗ್ಯಾಸ್ಕೆಟ್ಟು, ಲೇತ್ ಶಾಪಿನಲ್ಲಿ ಫೇಸಿಂಗು, ಟಾರ್ಕು ಲೆಕ್ಕದಲ್ಲಿ ಬೋಲ್ಟು ಬಿಗಿಯುವುದು, ಎಲ್ಲಕ್ಕೂ ಹಣ ಬೇಕು. ಹತ್ತು ನಿಮಿಷದ ಪರೀಕ್ಷೆಗಳನ್ನು ಬಿಟ್ಟು ನೇರ ಅಲ್ಲಿಗೆ ಹೋಗುವುದು ಕಾರಿನ ಯಜಮಾನನಿಗೆ ಮಾಡುವ ಅನ್ಯಾಯ.

ಹಳೆಯ ಕಾರುಗಳಿಗೆ ಹೊಸ ತೊಡಕೊಂದು ಸೇರಿದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಎಥೆನಾಲ್ ತೇವ ಹೀರುತ್ತದೆ, ಅದಕ್ಕೆಂದು ತಯಾರಾಗದ ಹಳೆಯ ರಬ್ಬರು ಹೋಸುಗಳನ್ನೂ ಡಯಾಫ್ರಮ್ಮುಗಳನ್ನೂ ಮೆದುಗೊಳಿಸುತ್ತದೆ. ಕಾರ್ಬೊರೇಟರಿನ ಕಾರು ಮುಗ್ಗರಿಸಿದರೆ ಇನ್ನು ಮುಂದೆ ಪೆಟ್ರೋಲಿನ ದಾರಿಯ ರಬ್ಬರನ್ನೂ ಒಮ್ಮೆ ಬಗ್ಗಿಸಿ ನೋಡಬೇಕು. ಇನ್ನು ಬೋರ್ ನೀರಿನ ವಿಷಯ: ಬಯಲಿನ ಊರುಗಳಲ್ಲಿ ಕಾರು ಇಟ್ಟುಕೊಂಡವರು ರೇಡಿಯೇಟರಿಗೆ ಕೂಲೆಂಟನ್ನೇ ಹಾಕಲಿ, ದಾರಿಯಲ್ಲಿ ಬೇರೆ ಗತಿಯಿಲ್ಲದೆ ಬೋರ್ ನೀರು ತುಂಬಿದ್ದರೆ ಊರಿಗೆ ಬಂದ ವಾರದೊಳಗೆ ಅದನ್ನು ಪೂರ್ತಿ ಹೊರಬಿಟ್ಟು, ತೊಳೆದು, ಕೂಲೆಂಟ್ ತುಂಬಿಸಲಿ.